ಕೂಸಿನ ಬಟ್ಟೆಗೆ ಎತ್ತಿನ ಹಸುಬೆ

ಬಹಳ ಹಿಂದೆ, ಕಲ್ಲುಬಂಡೆಗಳು ಇನ್ನೂ ಬೆಳೆಯುತ್ತಿದ್ದ ಕಾಲದಲ್ಲಿ, ಕೆಂಬಾಳ ಎಂಬ ಒಂದು ರಾಜ್ಯವಿತ್ತು. ರಾಜ್ಯದ ನಟ್ಟನಡುವೆ ಒಂದು ಬೆಟ್ಟದ ಸಾಲು. ಅರ್ಧ ರಾಜ್ಯ ಬೆಟ್ಟದ ಈಚೆ, ಅರ್ಧ ರಾಜ್ಯ ಆಚೆ. ದಾಟಲು ಇದ್ದದ್ದು ಒಂದೇ ದಾರಿ, ಅದರ ಹೆಸರು ಬೆಳ್ಗಣಿವೆ. ಬಿಸಿಲಿರಲಿ, ಗಾಳಿಯಿರಲಿ, ಆ ಕಣಿವೆಯ ಒಂದು ಮಗ್ಗುಲಲ್ಲಿ ಬಿಳಿ ಮಂಜು ಬಿದ್ದಿರುತ್ತಿತ್ತು. ಅದು ಕರಗುತ್ತಿರಲಿಲ್ಲ, ಕದಲುತ್ತಿರಲಿಲ್ಲ. ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತಿತ್ತು.

ಆ ರಾಜ್ಯಕ್ಕೆ ಒಂದು ನೇಮವಿತ್ತು. ಈಚೆಯವರು ಆಚೆಗೆ ಹೆಣ್ಣು ಕೊಡಬೇಕು, ಆಚೆಯವರು ಈಚೆಗೆ ಕೊಡಬೇಕು. ಹೆರಿಗೆ ಮಾತ್ರ ತವರಿನಲ್ಲೇ ಆಗಬೇಕು. ಐದನೇ ತಿಂಗಳಿಗೆ ಬಾಣಂತಿ ಕೂಸನ್ನೆತ್ತಿಕೊಂಡು ಕಣಿವೆ ದಾಟಿ ಗಂಡನ ಮನೆ ಸೇರಬೇಕು. ಯಾವ ಕಾಲದ ಯಾವ ಮುದುಕಿ ಮಾಡಿದ ನೇಮವೋ, ಕೂಸನ್ನು ಹೊತ್ತು ಬೆಟ್ಟ ಹತ್ತುವ ಕಷ್ಟ ಅವಳಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ನೇಮ ಮಾತ್ರ ಬೆಟ್ಟದಷ್ಟೇ ಗಟ್ಟಿಯಾಗಿ ನಿಂತಿತ್ತು.

ಹನ್ನೆರಡು ವರ್ಷದ ಹಿಂದೆ ಒಂದು ಕೂಸು ಕಣಿವೆ ದಾಟಿ ಬರುವಾಗ ಮಲಗಿತು. ಮಲಗಿದ್ದು ಏಳಲಿಲ್ಲ. ಆಮೇಲೆ ದಾಟಿದ ಕೂಸುಗಳೆಲ್ಲ ಹಾಗೇ. ಅವು ಸಾಯಲಿಲ್ಲ, ಬೆಳೆಯಲೂ ಇಲ್ಲ. ಹಸಿವಿಲ್ಲ, ಉಚ್ಚೆಯಿಲ್ಲ, ಕಣ್ಣು ತೆರೆಯುವುದಿಲ್ಲ. ತೊಟ್ಟಿಲು ತೂಗುತ್ತಿದ್ದರೆ ಉಸಿರಾಡುತ್ತಿದ್ದವು. ತೂಗುವ ಕೈ ಒಂದು ಗಳಿಗೆ ನಿಂತರೆ ಉಸಿರೂ ತಡೆಯುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಿದರೆ ಏನಾಗುತ್ತದೋ ಎಂದು ನೋಡುವ ಧೈರ್ಯ ಯಾರಿಗಿತ್ತು? ಮನೆಮನೆಯಲ್ಲೂ ಸರದಿಯ ಮೇಲೆ ತೂಗುತ್ತಿದ್ದರು. ಬೀದಿಯಲ್ಲಿ ನಿಂತರೆ ಹಗ್ಗ ತೊಲೆಗೆ ಉಜ್ಜುವ ಸದ್ದೊಂದೇ ಕೇಳುತ್ತಿತ್ತು. ಹನ್ನೆರಡು ವರ್ಷದ ಮಕ್ಕಳು ಐದು ತಿಂಗಳ ಮೈಯಲ್ಲಿ ಮಲಗಿದ್ದವು.

ರಾಜ ಚಿತ್ರಭೂಪನ ಮಗನೂ ಹೀಗೇ ಮಲಗಿದ್ದ. ರಾಜ ಸುಮ್ಮನೆ ಕೂರಲಿಲ್ಲ ಎನ್ನಬೇಕು. ಮಂತ್ರವಾದಿಗಳನ್ನು ಕರೆಸಿದ; ಅವರು ನಿಂಬೆಹಣ್ಣು ಕುಯ್ದು, ಕುಂಕುಮ ಚೆಲ್ಲಿ, ಹೊಟ್ಟೆ ತುಂಬ ಉಂಡು ಹೋದರು. ಕಣಿವೆಗೆ ಸೈನ್ಯ ಕಳಿಸಿದ. ಸೈನಿಕರು ಮಂಜಿಗೆ ಬಾಣ ಬಿಟ್ಟು ತಿರುಗಿ ಬಂದರು. ಕೊನೆಗೆ, ಬಾಣಂತಿಯರಿಗೆ ದಾರಿಯಲ್ಲಿ ಕೂಸಿನ ಬಟ್ಟೆಬರೆ ಇಟ್ಟುಕೊಳ್ಳಲು ಅನುಕೂಲವಾಗಲಿ ಎಂದು ಒಬ್ಬೊಬ್ಬರಿಗೂ ಒಂದೊಂದು ಮಖಮಲ್ಲಿನ ಚೀಲ ಉಡುಗೊರೆ ಕೊಡಿಸಿದ. ಸಿಂಹಾಸನದ ಮೇಲೆ ಕೂತವರಿಗೆ ಅದಕ್ಕಿಂತ ಹೆಚ್ಚು ಹೊಳೆಯುವುದು ಕಷ್ಟ.

ಬೆಟ್ಟದ ಈಚೆ, ಮರಡಿ ಎಂಬ ಊರಿನ ತವರುಮನೆಯಲ್ಲಿ, ಹಂಪವ್ವ ಎಂಬ ಬಾಣಂತಿ ಇದ್ದಳು. ಮೂರು ವರ್ಷದ ಹಿಂದೆ ಅವಳು ಚೊಚ್ಚಲ ಮಗ ಮೈಲಾರಿಯನ್ನು ಎತ್ತಿಕೊಂಡು ಕಣಿವೆ ದಾಟಿದ್ದಳು. ಅವತ್ತು ಮಲಗಿದ ಮೈಲಾರಿ ಆಚೆಯ ಊರಿನಲ್ಲಿ ಇನ್ನೂ ಮಲಗಿಯೇ ಇದ್ದ. ಅವನನ್ನು ಅವನ ಅಪ್ಪ ಬರಮಪ್ಪ ಹಗಲು ತೂಗುತ್ತಿದ್ದ, ಅಜ್ಜಿ ಇರುಳು ತೂಗುತ್ತಿದ್ದಳು. ಈಗ ಹಂಪವ್ವನಿಗೆ ಎರಡನೆಯದು ಹೆಣ್ಣು ಕೂಸು, ಹೆಸರು ಗುರವ್ವ. ಐದು ತಿಂಗಳು ತುಂಬಿತ್ತು. ಗುರವ್ವ ಅಳುತ್ತಿದ್ದಳು, ನಗುತ್ತಿದ್ದಳು, ಗಳಿಗೆಗೊಂದು ಬಟ್ಟೆ ಒದ್ದೆ ಮಾಡುತ್ತಿದ್ದಳು. ಇವಳನ್ನು ಕಣಿವೆಗೆ ಒಯ್ಯುವುದೇ ಇಲ್ಲ ಎಂದು ಹಂಪವ್ವ ಹಟ ಹಿಡಿದು ಕೂತಿದ್ದಳು.

ಆಗ ಆಚೆಯಿಂದ ಬಂದ ಬಳೆಗಾರನೊಬ್ಬ ಸುದ್ದಿ ತಂದ.

"ನಿಮ್ಮತ್ತಿ ತೀರಿಕೊಂಡ್ಳವ್ವ. ಈಗ ತೂಗಾಕ ನಿನ್ನ ಗಂಡ ಒಬ್ಬನ. ಎಲ್ಲಾರ ಮನ್ಯಾಗೂ ತೊಟ್ಲದಾವು, ಯಾರ ಬರಬೇಕು? ಮೂರು ದಿನದಿಂದ ಆಂವ ಕಣ್ಣು ಮುಚ್ಚಿಲ್ಲ. ಕೈಗೆ ಹಗ್ಗ ಕಟ್ಟಿಕೊಂಡು ನಿಂತಾನ."

ಹಂಪವ್ವ ಲೆಕ್ಕ ಹಾಕಿದಳು. ಹೋಗದಿದ್ದರೆ ಬರಮಪ್ಪ ಇಂದೋ ನಾಳೆಯೋ ನಿದ್ದೆಗೆ ಬೀಳುತ್ತಾನೆ, ಮಗ ಹೋಗುತ್ತಾನೆ. ಹೋದರೆ ದಾರಿಯಲ್ಲಿ ಮಗಳು ಮಲಗುತ್ತಾಳೆ. ಕೂಸನ್ನು ತವರಿನಲ್ಲಿ ಬಿಟ್ಟು ಹೋಗೋಣವೆಂದರೆ ಅದಕ್ಕೆ ತಾಯಿಯ ಹಾಲೊಂದೇ ಗತಿ. ಅವಳು ಗೋಡೆಗೆ ಒರಗಿ ಕೂತು, ಮೂರು ವರ್ಷದ ಹಿಂದಿನ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನೆನೆಯತೊಡಗಿದಳು. ಎಲ್ಲಿ ಕೂತೆ, ಎಲ್ಲಿ ಹಾಲು ಕುಡಿಸಿದೆ, ಎಲ್ಲಿ ಬಟ್ಟೆ ಬದಲಿಸಿದೆ ಎಂದು ಒಂದೊಂದನ್ನೂ ಕೆದಕಿದಳು.

"ಅವ್ವ," ಎಂದಳು ಕೊನೆಗೆ, "ಮೈಲಾರಿ ಕೂಡ ಹೋದಾಗ ದಾರ್ಯಾಗ ಮೂರು ಸಲ ಬಟ್ಟಿ ಬದ್ಲಿಸಿದ್ನೆಲ್ಲ, ಆ ಒದ್ದೆ ಬಟ್ಟಿ ಏನು ಮಾಡಿದ್ನಿ?"

"ಎಲ್ಲಾರೂ ಮಾಡ್ದಂಗ ಮಾಡಿರ್ತಿ," ಎಂದಳು ಅವಳ ತಾಯಿ. "ಕಾರೆಗಿಡದ ಮ್ಯಾಲ ಹಾಕಿ ಬಂದಿರ್ತಿ. ಒದ್ದೆ ಬಟ್ಟಿ ತವರಿನ ಒಣಬಟ್ಟಿ ಕೂಡ ಇಟ್ರ ಮೈಲಿಗಿ ಆಗೂದಿಲ್ಲೇನು?"

ಅದೂ ಆ ರಾಜ್ಯದ ನೇಮವೇ. ತವರಿನವರು ಅರಿಶಿನ ಹಚ್ಚಿ ಮಡಚಿ ಕೊಟ್ಟ ಬಟ್ಟೆಗಳ ಜೊತೆ ಒದ್ದೆ ಬಟ್ಟೆ ಸೇರಬಾರದು. ಚೀಲ ಇರುವುದು ಒಂದೇ, ಆದ್ದರಿಂದ ಒದ್ದೆಯಾದದ್ದನ್ನು ದಾರಿಯ ಪೊದೆಗೆ ಹಾಕಿ ಮುಂದೆ ಹೋಗುವುದು ರೂಢಿ.

"ಅಲ್ಲವ್ವ, ಹನ್ನೆರಡು ವರ್ಷ ಎಲ್ಲಾ ಬಾಣಂತ್ಯಾರೂ ಹಾಕ್ಯಾರ. ಕಣಿವಿ ತುಂಬ ಬಟ್ಟಿ ಇರಬೇಕಲ್ಲ? ನಾ ಹೊಟ್ಟಿಲೆ ಇದ್ದಾಗ ದಾಟಿ ಬಂದ್ನಿ, ಒಂದು ಗಿಡದ ಮ್ಯಾಲೂ ಒಂದು ಚಿಂದಿ ಇರಲಿಲ್ಲ."

"ಗಾಳಿಗೆ ಹಾರಿರತಾವು."

"ಕಾರಿಮುಳ್ಳಿಗೆ ಸಿಕ್ಕಿದ್ದು ಗಾಳಿಗೆ ಹಾರತೈತೇನು? ಯಾರೋ ಆರಿಸಿಕೊಂಡು ಹೋಗ್ಯಾರ."

ಹೇಳುತ್ತ ಹೇಳುತ್ತ ಅವಳಿಗೆ ಇನ್ನೊಂದು ನೆನಪಾಯಿತು. ಮೊದಲ ಬಟ್ಟೆ ಹಾಕಿದ ಮೇಲೆ ಮೈಲಾರಿ ಅಳುವುದನ್ನು ನಿಲ್ಲಿಸಿದ್ದ. ಸದ್ಯ, ಸುಮ್ಮನಾದ ಅಂದುಕೊಂಡಿದ್ದಳು. ಎರಡನೆಯದು ಹಾಕಿದ ಮೇಲೆ ನಗಲಿಲ್ಲ, ದಣಿದಿದ್ದಾನೆ ಅಂದುಕೊಂಡಿದ್ದಳು. ಮೂರನೆಯದು ಹಾಕಿದ ಮೇಲೆ ಕಣ್ಣು ಮುಚ್ಚಿದ. ನಡಿಗೆಗೆ ತೂಗಿದಂತಾಗಿ ಮಲಗಿದ ಅಂದುಕೊಂಡು ಅವಳು ಖುಷಿಪಟ್ಟಿದ್ದಳು. ಆ ಖುಷಿಯನ್ನು ನೆನೆದು ಈಗ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಅತ್ತು ಮುಗಿಸಿ ಎದ್ದಳು. ಒಂದು ಬಟ್ಟೆಯನ್ನೂ ಬಿಡದೆ ಕಣಿವೆ ದಾಟಬೇಕು. ಅದಕ್ಕೆ ಸರಿಯಾದ ಚೀಲ ಬೇಕು.

ಊರ ಕೊನೆಯಲ್ಲಿ ಹುಲುಗಪ್ಪಜ್ಜ ಎಂಬ ಚೀಲ ಹೊಲಿಯುವವನ ಅಂಗಡಿ ಇತ್ತು. ಹಂಪವ್ವ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಲ್ಲಿಗೆ ಹೋದಳು. ಅರಮನೆಯಿಂದ ಬಂದ ಮಖಮಲ್ಲಿನ ಚೀಲವೂ ಕೈಯಲ್ಲಿತ್ತು.

"ಇದರಾಗ ಏನು ಕಮ್ಮಿ ಐತಿ ತಂಗಿ?" ಎಂದ ಅಜ್ಜ. "ಜರತಾರಿ ಕೆಲಸ, ಮುತ್ತಿನ ಕುಚ್ಚು. ನನ್ನ ಕೈಲೆ ಹಿಂತಾದ್ದು ಆಗೂದಿಲ್ಲ."

"ನೋಡ್ರಿ ಅಜ್ಜ," ಎಂದು ಹಂಪವ್ವ ಒಂದೇ ಕೈಯಲ್ಲಿ ಅದರ ಬಾಯಿ ಬಿಚ್ಚಲು ಹೋದಳು. ಲಾಡಿ ಬಿಗಿದಿತ್ತು, ಬಿಚ್ಚಲಿಲ್ಲ. "ಇದಕ್ಕ ಎರಡೂ ಕೈ ಬೇಕು. ಆವಾಗ ಕೂಸು ಯಾರು ಹಿಡೀಬೇಕು, ರಾಜರೇನು?" ಒಳಗೆ ಒದ್ದೆಗೂ ಒಣಗಿದ್ದಕ್ಕೂ ಸೇರಿ ಒಂದೇ ಅರೆ, ಅದಕ್ಕೆ ಬಿಳಿ ರೇಷ್ಮೆಯ ಅಸ್ತರು. ಅವಳು ಅಂಗಡಿಯ ಬಿಂದಿಗೆಯಿಂದ ಒಂದು ಲೋಟ ನೀರು ಸುರಿದಳು. ನೀರು ತಳದಿಂದ ತೊಟ್ಟಿಕ್ಕಿ, ಮಖಮಲ್ಲಿನ ಬಣ್ಣ ಬಿಟ್ಟು ಅಂಗಡಿಯ ನೆಲ ಕೆಂಪಾಯಿತು.

ಗೋಡೆಯ ಕತ್ತಲೆಯ ಮೂಲೆಯಲ್ಲಿ, ಗೂಟಕ್ಕೆ ಇನ್ನೊಂದು ಚೀಲ ನೇತಾಡುತ್ತಿತ್ತು. ಬೂದಿಯ ಬಣ್ಣ, ನೋಡಿದರೆ ಹಗುರ. ಗಾಳಿಯಿಲ್ಲದಿದ್ದರೂ ಸ್ವಲ್ಪ ಆಡುತ್ತಿತ್ತು.

"ಅದು ನಾ ಹೊಲದಿದ್ದಲ್ಲ," ಎಂದ ಅಜ್ಜ. "ಹನ್ನೆರಡು ವರ್ಷದ ಹಿಂದ ಒಬ್ಬಾಕಿ ತಂದು ತೂಗುಹಾಕಿ ಹೋದ್ಲು. ಬಾಣಂತ್ಯಾರು ಕೇಳಿದ್ರ ಕೊಡು ಅಂದ್ಲು. ಎಷ್ಟು ತುಂಬಿದ್ರೂ ತುಂಬೂದಿಲ್ಲಂತ, ಎಷ್ಟು ತುಂಬಿದ್ರೂ ಭಾರ ಆಗೂದಿಲ್ಲಂತ. ನಾ ಯಾರಿಗೂ ಕೊಟ್ಟಿಲ್ಲ. ಯಾಕಂದಿ, ಅದಕ್ಕ ಹೊಲಿಗಿನ ಇಲ್ಲ ತಂಗಿ. ಹೊಲಿಗಿ ಇಲ್ಲದ ಚೀಲ ನಾ ನನ್ನ ಜೀವಮಾನದಾಗ ನೋಡಿಲ್ಲ."

ತುಂಬದ ಚೀಲ, ಭಾರವಿಲ್ಲದ ಚೀಲ ಎಂದರೆ ಯಾವ ತಾಯಿಗೆ ಆಸೆಯಾಗುವುದಿಲ್ಲ? ಹಂಪವ್ವ ತನ್ನ ತಲೆವಸ್ತ್ರವನ್ನು ಅದರೊಳಗೆ ಹಾಕಿ, ತಿರುಗಿ ತೆಗೆಯಲು ಕೈ ಇಳಿಬಿಟ್ಟಳು. ಮೊಣಕೈಯವರೆಗೆ ಹೋಯಿತು, ಹೆಗಲವರೆಗೆ ಹೋಯಿತು, ತಳ ಸಿಗಲಿಲ್ಲ. ಆಗ ಒಳಗಿನಿಂದ ಯಾರೋ ಅವಳ ಬೆರಳನ್ನು ಮೆಲ್ಲಗೆ ಮುಟ್ಟಿ, ತಲೆವಸ್ತ್ರವನ್ನು ಮಡಚಿ ಅಂಗೈಗೆ ಇಟ್ಟರು. ಹೊರಗೆ ತೆಗೆದು ಮೂಸಿದಳು. ಅವಳ ಬೆವರು, ಸಾಂಬ್ರಾಣಿ ಹೊಗೆ, ಕೂಸಿನ ಹಾಲು, ಯಾವ ವಾಸನೆಯೂ ಅದರಲ್ಲಿ ಉಳಿದಿರಲಿಲ್ಲ. ಅವಳು ಚೀಲವನ್ನು ಮತ್ತೆ ಗೂಟಕ್ಕೆ ಹಾಕಿ, ಕೈಯನ್ನು ಸೀರೆಗೆ ಒರೆಸಿಕೊಂಡಳು.

ಮೂರನೆಯದು ಬಾಗಿಲ ಹಿಂದೆ ಬಿದ್ದಿತ್ತು. ಹೇರು ಹೊರುವ ಎತ್ತಿನ ಬೆನ್ನಿಗೆ ಹಾಕುವ ಹಸುಬೆ. ಆಚೆಗೊಂದು ಈಚೆಗೊಂದು ಚೀಲ, ನಡುವೆ ಅಗಲವಾದ ಪಟ್ಟಿ. ಒಂದು ಚೀಲ ಪುಂಡಿನಾರಿನದು, ಕಾಳು ತುಂಬಲಿಕ್ಕೆ. ಇನ್ನೊಂದರ ಒಳಗೆ ಮೇಣ ತಿಕ್ಕಿದ ತೊಗಲು, ತುಪ್ಪದ ಗಡಿಗೆ ಸೋರಿದರೂ ಹೊರಗೆ ಬರದಿರಲಿ ಎಂದು. ಎರಡಕ್ಕೂ ಮೇಲೆ ಮುಚ್ಚುವ ಹಾಳೆ, ಹಾಳೆಗೆ ಕಟ್ಟಿಗೆಯ ಗುಂಡಿ. ಎತ್ತಿನ ಬೆವರು ಮೂಗಿಗೆ ಹೊಡೆಯುತ್ತಿತ್ತು.

ಹಂಪವ್ವ ಅದನ್ನು ಹೆಗಲ ಮೇಲೆ ಹಾಕಿಕೊಂಡಳು. ಒಂದು ಚೀಲ ಎದೆಯ ಮಗ್ಗುಲಿಗೆ, ಒಂದು ಬೆನ್ನಿಗೆ ಬಿತ್ತು. ಹೆಬ್ಬೆರಳೊಂದರಿಂದ ಗುಂಡಿ ತೆಗೆದಳು, ಹಾಕಿದಳು. ತೊಗಲಿನ ಚೀಲಕ್ಕೆ ಒಂದು ಬಿಂದಿಗೆ ನೀರು ಸುರಿದು, ಬಾಯಿ ಮುಚ್ಚಿ, ತಲೆಕೆಳಗು ಮಾಡಿ ಎಂಟು ಸಲ ಅಲ್ಲಾಡಿಸಿದಳು. ಒಂದು ಹನಿಯೂ ಬೀಳಲಿಲ್ಲ. ಬಿಂದಿಗೆ ಖಾಲಿಯಾದದ್ದು ನೋಡಿ ಅಜ್ಜ ತಲೆ ಕೆರೆದುಕೊಂಡ.

"ಇದು ಕೊಡ್ರಿ."

"ಎತ್ತಿನ ಚೀಲ ಹೊತ್ಗೊಂಡು ಗಂಡನ ಮನಿಗೆ ಹೋಗ್ತಿ? ಮಂದಿ ನಗ್ತಾರ."

"ನಗಲಿ ಅಜ್ಜ. ನಗೋರ ಮನ್ಯಾಗೂ ತೊಟ್ಲಾಗ ಅಳದ ಕೂಸು ಐತಿ."

ಹುಲುಗಪ್ಪಜ್ಜನ ಮಗಳ ಕೂಸೂ ಆಚೆ ಮಲಗಿತ್ತು. ಅವನು ದಬ್ಬಳ ತೆಗೆದುಕೊಂಡು ಕೂತು, ಒಣಬಟ್ಟೆಯ ಕಡೆಗೆ ಒಳಗೆ ನಾಲ್ಕು ಸಣ್ಣ ಅರೆ ಹೊಲಿದುಕೊಟ್ಟ. ಒಂದರಲ್ಲಿ ತಲೆಗೆ ಕಟ್ಟುವ ಕುಂಚಿಗೆ, ಒಂದರಲ್ಲಿ ಔಷಧಿ ಕುಡಿಸುವ ಒಳಲೆ, ಒಂದರಲ್ಲಿ ತೇಯ್ದು ನೆಕ್ಕಿಸುವ ಬಜೆಬೇರು, ಒಂದರಲ್ಲಿ ಹರಳೆಣ್ಣೆಯ ಕುಡಿಕೆ. ಹಂಪವ್ವ ಕಣ್ಣು ಮುಚ್ಚಿ ಒಂದೊಂದನ್ನೇ ತೆಗೆದು ಇಟ್ಟು ನೋಡಿದಳು, ತಪ್ಪಲಿಲ್ಲ. ತನ್ನ ಅಜ್ಜಿಯ ಹಳೆಯ ಸೀರೆ ಹರಿದು ಮಾಡಿದ ಬಟ್ಟೆಗಳನ್ನು ಸುರುಳಿ ಸುತ್ತಿ ಒಳಗೆ ಜೋಡಿಸಿದಳು. ಮರುದಿನ ಬೆಳಕು ಹರಿಯುವಾಗ ಗುರವ್ವನನ್ನು ಎದೆಗೆ ಜೋಳಿಗೆಯಲ್ಲಿ ಕಟ್ಟಿಕೊಂಡು, ಹಸುಬೆಯನ್ನು ಹೆಗಲಿಗೇರಿಸಿ, ಎರಡೂ ಕೈ ಬೀಸಿಕೊಂಡು ಕಣಿವೆಯ ದಾರಿ ಹಿಡಿದಳು. ಊರಿನ ನಾಲ್ಕು ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು. ಜೊತೆಗೆ ಬರುತ್ತೇನೆ ಎಂದವರು ಯಾರೂ ಇಲ್ಲ.

ಹೊತ್ತು ಒಂದು ಮಾರು ಏರಿರಬೇಕು, ಗುರವ್ವ ಮೊದಲನೇ ಬಟ್ಟೆ ಒದ್ದೆ ಮಾಡಿದಳು. ಹಂಪವ್ವ ಬಂಡೆಯ ಮೇಲೆ ಕೂತು ಬದಲಿಸಿದಳು. ಪಕ್ಕದಲ್ಲೇ ಒಂದು ಕಾರೆಗಿಡ ಇತ್ತು. ಅದು ಕೊಂಬೆಗಳನ್ನು ಅವಳ ಕಡೆಗೆ ಬಗ್ಗಿಸಿತು. ಬೆಕ್ಕು ಉಗುರು ಮಡಚಿಕೊಳ್ಳುವ ಹಾಗೆ ಅದರ ಮುಳ್ಳುಗಳೆಲ್ಲ ಒಳಕ್ಕೆ ಸೇದಿಕೊಂಡವು.

"ಕೊಡು," ಎಂದಿತು ಗಿಡ. "ನಿನ್ನ ಕೈ ಹಗುರಾಗಲಿ."

"ನನ್ನ ಕೈ ಹಗುರನ ಐತಿ," ಎಂದು ಹಂಪವ್ವ ಬಟ್ಟೆಯನ್ನು ತೊಗಲಿನ ಚೀಲಕ್ಕೆ ಹಾಕಿ ಗುಂಡಿ ಬಿಗಿದಳು. ಹಿಂದೆ ಮುಳ್ಳುಗಳು ಟಪಟಪನೆ ಹೊರಗೆ ಬಂದದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ.

ಇನ್ನೂ ಮೇಲೆ ಹೋದಾಗ ಒಂದು ಹಳ್ಳ ಅಡ್ಡ ಬಂತು. ಅಲ್ಲೊಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ನೋಡಲು ಎಲ್ಲರ ಹಾಗೇ ಇದ್ದಳು. ಆದರೆ ಬಟ್ಟೆ ಕಲ್ಲಿಗೆ ಬೀಳುವ ಮೊದಲೇ ಬಡಿದ ಸದ್ದು ಕೇಳುತ್ತಿತ್ತು. ಕೈ ಆಮೇಲೆ ಇಳಿಯುತ್ತಿತ್ತು. ಮೊಣಕಾಲುದ್ದ ನೀರಲ್ಲಿ ನಿಂತಿದ್ದರೂ ಅವಳ ಸೀರೆ ಒಣಗಿತ್ತು.

"ಕೂಸು ಮಲ ಮಾಡೈತಿ ನೋಡು ತಂಗಿ," ಎಂದಳು ಆ ಹೆಂಗಸು. ನಿಜವೇ. ಎತ್ತಿನ ಹಸುಬೆ ಎಷ್ಟೇ ಗಟ್ಟಿಯಿದ್ದರೂ ಆ ಬಟ್ಟೆಯನ್ನು ಜಾಲಿಸದೆ ಒಳಗೆ ಹಾಕಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಹಂಪವ್ವ ಅವಳಿಂದ ದೂರ, ಮೇಲಿನ ಕಡೆಗೆ ಹೋಗಿ ಕೂತಳು. ಕೂಸನ್ನು ತೊಳೆದಳು, ಬಟ್ಟೆ ಜಾಲಿಸಿದಳು, ಹಿಂಡಿದಳು. ಹಿಂಡಿ, ಕೂಸಿನ ಕಾಲು ಒರೆಸುವಷ್ಟು ಹೊತ್ತು ಅದನ್ನು ಪಕ್ಕದ ಕಲ್ಲಿನ ಮೇಲೆ ಇಟ್ಟಳು. ಹುಟ್ಟಿದಾಗಿನಿಂದ ನೋಡಿದ, ಮಾಡಿದ ರೂಢಿ. ಕೈ ತನ್ನಷ್ಟಕ್ಕೆ ಇಟ್ಟುಬಿಟ್ಟಿತು.

ತಿರುಗುವಷ್ಟರಲ್ಲಿ ಬಟ್ಟೆ ಜಾರಿ ನೀರಿಗೆ ಬಿದ್ದು, ಮೀನಿನ ಹಾಗೆ ನೆಟ್ಟಗೆ ಈಜಿಕೊಂಡು ಆ ಹೆಂಗಸಿನ ಕೈ ಸೇರಿತು. ಹೆಂಗಸು ನಕ್ಕಳು. ನಗುವಿನ ಸದ್ದು ಮೊದಲು ಬಂತು, ತುಟಿ ಆಮೇಲೆ ಅಗಲವಾಯಿತು. ಮರುಗಳಿಗೆ ಅಲ್ಲಿ ಯಾರೂ ಇರಲಿಲ್ಲ.

ತಣ್ಣೀರಿಗೆ ಚೀರುತ್ತಿದ್ದ ಗುರವ್ವನ ಬಾಯಿ ಹಾಗೇ ತೆರೆದಿತ್ತು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಮುಖ ಕೆಂಪಾಗಿತ್ತು. ಸದ್ದು ಮಾತ್ರ ಇರಲಿಲ್ಲ. ಹಂಪವ್ವ ತನ್ನ ಕೈಯನ್ನು ತಾನೇ ಕಲ್ಲಿಗೆ ಬಡಿದುಕೊಂಡಳು. ಹಿಂದಕ್ಕೆ ಹೋಗೋಣವೆನಿಸಿತು. ಆದರೆ ಆಚೆ ಒಬ್ಬ ಗಂಡಸು ಕೈಗೆ ಹಗ್ಗ ಕಟ್ಟಿಕೊಂಡು ತೂಕಡಿಸುತ್ತಿದ್ದಾನೆ. ಅವಳು ಕೂಸನ್ನು ಬಿಗಿದು ಕಟ್ಟಿಕೊಂಡು ಎದ್ದಳು. ಸ್ವಲ್ಪ ದೂರದಲ್ಲಿ ಗುರವ್ವ ಮತ್ತೊಂದು ಬಟ್ಟೆ ಒದ್ದೆ ಮಾಡಿದಳು. ಈ ಸಲ ಅದು ಕೈಯಿಂದ ನೇರವಾಗಿ ತೊಗಲಿನ ಚೀಲಕ್ಕೇ ಹೋಯಿತು.

ಮಟಮಟ ಮಧ್ಯಾಹ್ನ ಅವಳು ಕಣಿವೆಯ ನೆತ್ತಿ ತಲುಪಿದಳು. ಬಿಸಿಲು ನೆತ್ತಿಯ ಮೇಲಿತ್ತು, ಅವಳ ನೆರಳು ಕಾಲಡಿಗೆ ಸೇರಿಕೊಂಡಿತ್ತು. ಒಂದು ಹಕ್ಕಿಯೂ ಕೂಗಲಿಲ್ಲ. ಎಡಕ್ಕೆ ಬಿಳಿ ಮಂಜು. ಮಂಜಿನ ಅಂಚಿನಲ್ಲಿ, ಕಲ್ಲಿನ ಮೇಲೆ, ಮೂರು ವರ್ಷದ ಒಬ್ಬ ಹುಡುಗ ಬರಿಮೈಯಲ್ಲಿ ಕೂತು ನಡುಗುತ್ತಿದ್ದ. ಅವನಿಗೆ ಬರಮಪ್ಪನ ಮೂಗಿತ್ತು, ಹಂಪವ್ವನ ಹಣೆಯಿತ್ತು. ಎಡಗಿವಿಯ ಕೆಳಗೆ ಮೈಲಾರಿಗೆ ಇದ್ದ ಕೆಂಪು ಮಚ್ಚೆಯೂ ಇತ್ತು.

"ಅವ್ವ," ಎಂದ ಅವನು. "ನಾ ಎದ್ದೀನಿ. ನಿನ್ನ ಹುಡುಕ್ಕೊಂಡು ಬಂದೀನಿ. ಚಳಿ ಅವ್ವ."

ಹಂಪವ್ವ ನಿಂತಳು. ಮೂರು ವರ್ಷ ಅವಳು ಈ ಮುಖವನ್ನು ಮನಸ್ಸಿನಲ್ಲೇ ಬರೆದು ಬರೆದು ಅಳಿಸಿದ್ದಳು. ಬೆಳೆದಿದ್ದರೆ ಈಗ ಇಷ್ಟು ಎತ್ತರ ಇರುತ್ತಿದ್ದ, ಈಗ ಹೀಗೆ ಕರೆಯುತ್ತಿದ್ದ ಎಂದು. ಸುಳ್ಳಿರಬಹುದು ಎಂದು ಗೊತ್ತಿದ್ದೂ ಎದೆ ಹಾಲಿನಿಂದ ಬಿಗಿಯಿತು. ಅವಳ ಕೈ ತಾನಾಗಿ ಹಸುಬೆಗೆ ಹೋಗಿ, ಒಣಬಟ್ಟೆಯ ಒಂದು ಸುರುಳಿ ಹೊರಗೆ ತೆಗೆಯಿತು.

"ಬಾ ನನ್ನಪ್ಪ, ಹೊತ್ಗೊ."

ಹುಡುಗ ಸುರುಳಿಯನ್ನು ನೋಡಿ ಮುಖ ತಿರುಗಿಸಿದ. "ಇದು ಬ್ಯಾಡ."

"ಮತ್ತ ಯಾವುದು?"

"ಅದರಾಗಿಂದು," ಎಂದು ತೊಗಲಿನ ಚೀಲಕ್ಕೆ ಬೆರಳು ಮಾಡಿದ. "ಒದ್ದಿದು."

ಹಂಪವ್ವ ಅವನನ್ನು ಬಹಳ ಹೊತ್ತು ನೋಡಿದಳು. ಮಕ್ಕಳನ್ನು ಹೆತ್ತವರಿಗೆಲ್ಲ ಗೊತ್ತು: ಒದ್ದೆಯಾದರೆ ಅಳುವುದೇ ಮಕ್ಕಳ ಕೆಲಸ. ಚಳಿಗೆ ನಡುಗುತ್ತ 'ಒದ್ದೆಯದು ಕೊಡು' ಎನ್ನುವ ಮಗು ಯಾವ ಹೊಟ್ಟೆಯಲ್ಲೂ ಹುಟ್ಟಿರುವುದಿಲ್ಲ. ಅವಳು ಸುರುಳಿಯನ್ನು ಮತ್ತೆ ಒಳಗಿಟ್ಟು ಗುಂಡಿ ಹಾಕಿದಳು. ಹಾಗೆ ಹಾಕುವಾಗ ಕಣ್ಣೀರು ಸುರಿಯುತ್ತಿತ್ತು, ಯಾಕೆಂದರೆ ಆ ಮುಖವನ್ನು ಬಿಡುವುದು ಸುಲಭವಿರಲಿಲ್ಲ.

"ನೀ ನನ್ನ ಮಗ ಅಲ್ಲ," ಎಂದಳು.

ಹುಡುಗನ ಮುಖ ಹೊಲಿಗೆ ಬಿಚ್ಚಿದಂತೆ ನೆತ್ತಿಯಿಂದ ಗಲ್ಲದವರೆಗೆ ಸಡಿಲವಾಯಿತು. ಅವನು ಎದ್ದು ಮಂಜಿನ ಅಂಚನ್ನು ಕೈಯಲ್ಲಿ ಹಿಡಿದು ಎತ್ತಿ ಒಳಗೆ ನುಸುಳಿದ. ಮಂಜಿಗೆ ಬಟ್ಟೆಯ ಹಾಗೆ ಅಂಚಿತ್ತು. ಹಂಪವ್ವ ಬಗ್ಗಿ ಮುಟ್ಟಿದಳು. ಅದು ಮಂಜಲ್ಲ, ಕೌದಿ. ಬೆಟ್ಟದ ಒಂದು ಮಗ್ಗುಲನ್ನೇ ಮುಚ್ಚುವಷ್ಟು ದೊಡ್ಡ ಕೌದಿ. ಕೂಸುಗಳ ಸಾವಿರಾರು ಬಟ್ಟೆಯ ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿ ಹೊಲಿದದ್ದು. ಕೈಗೆ ಬೆಚ್ಚಗಿತ್ತು, ಉಸಿರಾಡುತ್ತಿತ್ತು.

ಅವಳು ಅಂಚನ್ನೆತ್ತಿ ಒಳಗೆ ಹೋದಳು.

ಒಳಗೆ ಹಳ್ಳದ ಹೆಂಗಸು ಕೂತು ಹೊಲಿಯುತ್ತಿದ್ದಳು. ಈಗ ಅವಳಿಗೆ ಹೆಂಗಸಿನ ರೂಪ ಪೂರ್ತಿ ಇರಲಿಲ್ಲ. ಕೈ ಇತ್ತು, ಸೂಜಿ ಇತ್ತು, ಮುಖ ಇರಬೇಕಾದಲ್ಲಿ ತಣ್ಣನೆಯ ಗಾಳಿ ಬೀಸುತ್ತಿತ್ತು. ಅರಿಶಿನ ಇನ್ನೂ ಮಾಸದ ಗುರವ್ವನ ಬಟ್ಟೆ ಅವಳ ತೊಡೆಯ ಮೇಲಿತ್ತು.

"ಬಾ ಹಂಪವ್ವ," ಎಂದಳು ಆ ಮಾಯಗಾತಿ. "ಕೂಸಿನ ಮೈಬಿಸಿ ಒದ್ದೆ ಬಟ್ಟ್ಯಾಗ ಇರತೈತಿ. ನನಗ ಹುಟ್ಟಿದಾಗಿಂದ ಚಳಿ. ಈ ಕೌದಿ ಮುಗೀತಂದ್ರ ಹೊತ್ಗೊಂಡು ಮಲಗ್ತೀನಿ. ಇನ್ನ ಎರಡ ತುಂಡು ಸಾಕು."

"ಮುಗದ ಮ್ಯಾಲ ಈ ಮಕ್ಕಳು?"

"ನನ್ನ ಕೂಡ ಮಲಗ್ತಾವು. ಮತ್ತ ಏಳೂದಿಲ್ಲ." ಸೂಜಿ ಒಮ್ಮೆ ನಿಂತಿತು. "ನಿನಗಂತ ಒಂದು ಮಾತು ಹೇಳ್ತೀನಿ. ನಿನ್ನ ಮಗನ ಮೂರೂ ತುಂಡು ಇಲ್ಲೇ ಅದಾವು. ಮಗಳ ಎರಡು ಕೊಡು, ಅವನವು ಬಿಚ್ಚಿ ಕೊಡ್ತೀನಿ. ಹೆಣ್ಣು ಕೊಟ್ಟು ಗಂಡು ತಗೊಂಡು ಹೋಗು. ನಿಮ್ಮ ಮಂದಿ ಒಪ್ಪೂ ವ್ಯಾಪಾರ ಐತಿ."

ಹಂಪವ್ವ ಕೌದಿಯನ್ನು ನೋಡಿದಳು. ತನ್ನ ಹಳೆಯ ಹಸಿರು ಸೀರೆಯ ಮೂರು ತುಂಡು ಕಣ್ಣಿಗೆ ಬಿದ್ದವು. ಅವುಗಳ ಮೇಲೆ ಹಾದ ದಾರವನ್ನು ನೋಡಿದಳು. ಅದೇ ದಾರ ಪಕ್ಕದ ತುಂಡಿಗೆ, ಅಲ್ಲಿಂದ ಮುಂದಿನದಕ್ಕೆ, ಸುತ್ತಿ ಸುತ್ತಿ ಕೊನೆಗೆ ಮಾಯಗಾತಿಯ ಸೂಜಿಗೆ ಬಂದು ಸೇರಿತ್ತು. ಎಲ್ಲೂ ಗಂಟಿಲ್ಲ. ಕೌದಿ ಹೊಲಿಯುವ ಮನೆಯಲ್ಲಿ ಹುಟ್ಟಿದವಳಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ಕಡೆಯ ತುಂಡು ಕೂರುವ ತನಕ ದಾರಕ್ಕೆ ಗಂಟು ಹಾಕುವುದಿಲ್ಲ.

"ಆತು," ಎಂದಳು ಹಂಪವ್ವ, ಹೆಗಲಿನಿಂದ ಹಸುಬೆ ಇಳಿಸಿ ಮಾಯಗಾತಿಯ ಮಡಿಲಿಗೆ ಹಾಕುತ್ತ. "ನನ್ನ ಕೈಲೆ ಆಗೂದಿಲ್ಲ. ನೀನ ತಗೊ."

ಮಾಯಗಾತಿ ಸೂಜಿ ಕೆಳಗಿಟ್ಟು, ಎರಡೂ ಕೈಯಿಂದ ಹಸುಬೆಯನ್ನು ತಡಕಿದಳು. ಮೊದಲು ಸಿಕ್ಕ ಗುಂಡಿ ಬಿಚ್ಚಿದಳು. ಒಣಬಟ್ಟೆ. ಇನ್ನೂ ಒಳಗೆ ಕೈ ಹಾಕಿದಳು. ಕುಂಚಿಗೆ, ಒಳಲೆ, ಬಜೆಬೇರು. ಹರಳೆಣ್ಣೆಯ ಕುಡಿಕೆ ಉರುಳಿ ಅವಳ ಬೆರಳೆಲ್ಲ ಜಿಡ್ಡಾಯಿತು. ಅಷ್ಟರಲ್ಲಿ ಹಂಪವ್ವ ಸೂಜಿಯಿಂದ ದಾರ ಕಳಚಿ, ಹಿಂದಿನ ಹೊಲಿಗೆಯಲ್ಲಿ ಹಿಡಿದು, ಬಾವಿಯಿಂದ ನೀರು ಸೇದುವ ಹಾಗೆ ಎರಡೂ ಕೈಯಿಂದ ಸೇದತೊಡಗಿದಳು. ದಾರ ಸರಸರನೆ ಬಂತು. ಗುರವ್ವ ಅವಳ ಎದೆಯ ಮೇಲೆ ಸದ್ದಿಲ್ಲದೆ ಅಳುತ್ತಿದ್ದಳು.

ಮಾಯಗಾತಿ ಚೀಲವನ್ನು ತಿರುಗಿಸಿ ತೊಗಲಿನ ಕಡೆಯ ಗುಂಡಿಗೆ ಕೈ ಹಾಕಿದಳು. ಜಿಡ್ಡಿನ ಬೆರಳಿಗೆ ಗುಂಡಿ ಜಾರಿತು, ಮತ್ತೆ ಜಾರಿತು. ಮೂರನೆಯ ಸಲ ಬಿಚ್ಚಿತು. ಎರಡು ಒದ್ದೆ ಬಟ್ಟೆ ಎತ್ತಿ ಹಿಡಿದು ಸೂಜಿಗಾಗಿ ತಡಕಿದಳು. ಸೂಜಿ ಇತ್ತು. ದಾರ ಇರಲಿಲ್ಲ.

ತಲೆಯ ಮೇಲೆ ಕೌದಿ ತುಂಡು ತುಂಡಾಗಿ ಬಿಚ್ಚಿತು. ಹನ್ನೆರಡು ವರ್ಷದ ಬಟ್ಟೆಗಳು ಒಂದೊಂದೇ ಕೆಳಗೆ ಬಿದ್ದವು, ಸಂದುಗಳಿಂದ ನಡುಹಗಲಿನ ಬಿಸಿಲು ನೇರವಾಗಿ ಇಳಿಯಿತು. "ಚಳಿ," ಎಂದಳು ಮಾಯಗಾತಿ. ಬಿಸಿಲು ತಾಗಿದಲ್ಲೆಲ್ಲ ಕರಗಿಹೋದಳು. ಅವಳು ಕೂತಿದ್ದ ಬಂಡೆಯ ಮೇಲೆ ಒಂದು ಒದ್ದೆ ಕಲೆ ಉಳಿಯಿತು. ಹಂಪವ್ವ ನೋಡುತ್ತಿದ್ದಂತೆ ಬಿಸಿಲಿಗೆ ಅದೂ ಒಣಗಿತು.

ಆಗ ಗುರವ್ವ ಕೂಗಿದಳು. ಬೆಳಗಿನಿಂದ ಕಟ್ಟಿಟ್ಟ ಅಳುವನ್ನೆಲ್ಲ ಒಟ್ಟಿಗೆ ಅತ್ತಳು. "ಅಳು ನನ್ನವ್ವ, ಅಳು," ಎಂದು ಹಂಪವ್ವ ಅವಳ ನೆತ್ತಿಗೆ ಮುತ್ತಿಟ್ಟಳು. ಅದೇ ಹೊತ್ತಿಗೆ ಬೆಟ್ಟದ ಎರಡೂ ಕಡೆಯಿಂದ, ದೂರದ ಊರುಗಳಿಂದ, ನೂರಾರು ಕೂಸುಗಳ ಅಳು ಎದ್ದು ಕಣಿವೆಯಲ್ಲಿ ತುಂಬಿಕೊಂಡಿತು. ಅರಮನೆಯಲ್ಲಿ ರಾಜಕುಮಾರ ಚಿತ್ರಭೂಪನ ಪೀತಾಂಬರವನ್ನು ತೋಯಿಸಿದನೆಂದೂ, ರಾಜ ಅದನ್ನು ಮೂರು ದಿನ ಬದಲಿಸಲಿಲ್ಲವೆಂದೂ ಹೇಳುತ್ತಾರೆ.

ಹಂಪವ್ವ ಚೆಲ್ಲಿದ್ದನ್ನೆಲ್ಲ ಹಸುಬೆಗೆ ತುಂಬಿಕೊಂಡು ಆಚೆಯ ಇಳಿಜಾರಿನಲ್ಲಿ ಓಡಿದಳು. ಅರ್ಧ ದಾರಿಯಲ್ಲಿ ಬರಮಪ್ಪ ಎದುರಿಗೆ ಸಿಕ್ಕ. ಕಣ್ಣು ಕೆಂಡವಾಗಿತ್ತು, ಎದೆಯಿಂದ ಮೊಣಕಾಲವರೆಗೆ ಒದ್ದೆಯಾಗಿದ್ದ. ಕೈಗೆ ತೊಟ್ಟಿಲ ಹಗ್ಗ ಇನ್ನೂ ಕಟ್ಟಿಯೇ ಇತ್ತು. ಚೀರುವ ಮೈಲಾರಿಯನ್ನು ಎರಡೂ ತೋಳು ಚಾಚಿ ಮುಂದೆ ಹಿಡಿದುಕೊಂಡಿದ್ದ.

"ಇಂವ ಅಳಾಕತ್ತಾನ," ಎಂದ ಬರಮಪ್ಪ. "ಏನು ಮಾಡ್ಲಿ ಗೊತ್ತಾಗವಲ್ದು."

ಹಂಪವ್ವ ದಾರಿಯ ಮೇಲೇ ಕೂತಳು. ನೋಡದೆಯೇ ಒಂದು ಕೈ ಹಾಕಿ ಒಣಬಟ್ಟೆ ತೆಗೆದು ಮಗನಿಗೆ ಸುತ್ತಿದಳು. ಮೂರು ವರ್ಷದ ಮಗ ಐದು ತಿಂಗಳ ಕೂಸು. ಬಿಟ್ಟುಹೋದಾಗ ಎಷ್ಟು ತೂಕವಿದ್ದನೋ ಅಷ್ಟೇ ಇದ್ದ, ತಂಗಿಗಿಂತ ಒಂದು ಬೆರಳೂ ದೊಡ್ಡವನಲ್ಲ. ಅವಳು ಇಬ್ಬರನ್ನೂ ಒಂದೊಂದು ಎದೆಗೆ ಹಾಕಿಕೊಂಡಳು. ಬರಮಪ್ಪ ಹಸುಬೆಗೆ ತಲೆಯಿಟ್ಟು, ಏನೋ ಹೇಳಲು ಬಾಯಿ ತೆರೆದವನು ಅಲ್ಲೇ ನಿದ್ದೆಹೋದ.

ಹಾಲು ಕುಡಿಯುತ್ತ ಕುಡಿಯುತ್ತ ಮೈಲಾರಿಯ ಕಣ್ಣು ಮೆಲ್ಲಗೆ ಮುಚ್ಚಿದವು. ಹಂಪವ್ವ ನೋಡಿದಳು, ಮೂರು ವರ್ಷದ ಹಿಂದೆಯೂ ಅವು ಹೀಗೇ ಮುಚ್ಚಿದ್ದವು. ಅವಳು ಅವನನ್ನು ತೂಗುತ್ತಿದ್ದಳು, ತನಗೇ ಗೊತ್ತಿಲ್ಲದೆ, ಕೂತಲ್ಲೇ ಹಿಂದೆ ಮುಂದೆ ಆಡುತ್ತ. ನಿಲ್ಲಿಸಲು ಧೈರ್ಯ ಸಾಲಲಿಲ್ಲ. ಹೊತ್ತು ಇಳಿಯಿತು, ಬೆನ್ನು ಸೋತಿತು. ಕೊನೆಗೆ ಅವಳು ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಅಲ್ಲಾಡದೆ ಕೂತಳು.

ಮೈಲಾರಿ ಉಸಿರಾಡುತ್ತಿದ್ದ. ಯಾರೂ ತೂಗುತ್ತಿರಲಿಲ್ಲ, ಅವನು ಉಸಿರಾಡುತ್ತಿದ್ದ.

ಆಮೇಲಿನದನ್ನು ಹೇಳಲು ಹೆಚ್ಚಿಲ್ಲ. ಕೆಂಬಾಳ ರಾಜ್ಯದಲ್ಲಿ ಇಪ್ಪತ್ತು ವರ್ಷ ಯಾರೂ ಕಣ್ತುಂಬ ನಿದ್ದೆ ಮಾಡಲಿಲ್ಲ, ಅಷ್ಟು ಮಕ್ಕಳು ಅಷ್ಟು ಜೋರಾಗಿ ಅಳುತ್ತಿದ್ದವು. ಅವರು ಅಲ್ಲಿ ನಿದ್ದೆಗೆಟ್ಟು ಸುಖವಾಗಿದ್ದರು, ನಾವು ಇಲ್ಲಿ ಅವರ ಕತೆ ಕೇಳಿ ಸುಖವಾಗಿದ್ದೇವೆ.